ಲೈಸಿನ್ ಪುಡಿಯನ್ನ ಮೇವಿನ ಮೇಲೆ ಉದುರಿಸಿದರೆ ಮೀನುಮರಿಗೆ ಸೇರಲ್ಲ

ಸರ್, ಕಡಲೆಕಾಯಿ ಹಿಂಡಿ 70 ಭಾಗ, ಅಕ್ಕಿ ತೌಡು 30 ಭಾಗ ಹಾಕಿ ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮೀನಿನ ಮರಿ ಸಾಕ್ತಿದ್ದೀರಿ. ಬೆರಳುದ್ದಕ್ಕೆ ಬಂದು ನಿಂತುಬಿಟ್ಟಿವೆ, ದನಕ್ಕೆ ಕುಡಿಸೋ ಅಮೈನೋ ಟಾನಿಕ್ ಬೆರೆಸಲಾ ಅಂತ ಕೇಳಿದ್ದೀರಿ. ಬೇಡ. ಯಾಕೆ ಅಂತ ಲೆಕ್ಕದಲ್ಲೇ ನೋಡೋಣ.

ನಿಮ್ಮ ಮೇವಿನಲ್ಲಿ ಪ್ರೋಟೀನ್ ಸುಮಾರು ಶೇ. 35 ಇದೆ, ಅಷ್ಟು ಸಾಕು. ತೊಂದರೆ ಇರೋದು ಆ ಪ್ರೋಟೀನಿನ ಒಳಗೆ. ಪ್ರೋಟೀನ್ ಅಂದ್ರೆ ಅಮೈನೋ ಆಮ್ಲ ಅನ್ನೋ ಬಿಡಿ ತುಂಡುಗಳ ಸರಪಳಿ, ಆ ತುಂಡುಗಳಲ್ಲಿ ಮೀನು ತಾನೇ ತಯಾರಿಸಿಕೊಳ್ಳಲಾಗದವು ಹತ್ತು. ಅದರಲ್ಲಿ ಒಂದು ಕಮ್ಮಿ ಬಿದ್ದರೂ ಉಳಿದದ್ದು ಮಾಂಸವಾಗಿ ಮೈಗೆ ಹತ್ತಲ್ಲ, ಅದರ ಸಾರಜನಕ ಅಮೋನಿಯಾ ಆಗಿ ನೀರಿಗೇ ವಾಪಸ್. ಲೈಸಿನ್ ಆ ಹತ್ತರಲ್ಲಿ ಒಂದು. ಗೆಂಡೆ ಮರಿಗೆ ಪ್ರೋಟೀನಿನ ಶೇ. 5.7ರಷ್ಟು ಲೈಸಿನ್ ಬೇಕು, ಅಂದ್ರೆ ನಿಮ್ಮ ಕಿಲೋ ಮೇವಿಗೆ 20 ಗ್ರಾಂ. ಹಿಂಡಿ, ತೌಡು ಎರಡೂ ಸೇರಿ ಕೊಡೋದು 13 ಗ್ರಾಂ ಆಸುಪಾಸು. ಉಳಿದ 7 ಗ್ರಾಂ ಎಲ್ಲಿಂದ? ಟಾನಿಕ್ ಬಾಟಲಿಯ ಲೇಬಲ್ ಓದಿ, ಲೈಸಿನ್ ಮಿಲಿಗ್ರಾಂ ಲೆಕ್ಕದಲ್ಲಿರುತ್ತೆ.

ಲೈಸಿನ್ ಹೈಡ್ರೋಕ್ಲೋರೈಡ್ ಪುಡಿಯಲ್ಲಿ ಅಸಲು ಲೈಸಿನ್ ಶೇ. 78. ಹಾಗಾಗಿ ಕಿಲೋಗೆ 9 ಗ್ರಾಂ ಪುಡಿ ಆಗುತ್ತೆ. ಆದರೆ ನಾನಾಗಿದ್ರೆ ಅಷ್ಟನ್ನೂ ಪುಡಿಯಲ್ಲೇ ತುಂಬಲ್ಲ. ಹಿಂಡಿಯಲ್ಲಿ 20 ಭಾಗ ತೆಗೆದು ಒಳ್ಳೆ ಮೀನಿನ ಪುಡಿ ಹಾಕಿದ್ರೆ ಕೊರತೆ 3 ಗ್ರಾಂ ಹತ್ತಿರಕ್ಕೆ ಇಳಿಯುತ್ತೆ, ಆ ಹತ್ತರಲ್ಲಿ ಇನ್ನೊಂದಾದ ಮೆಥಿಯೋನಿನ್ ಕೂಡ ಸ್ವಲ್ಪ ಸುಧಾರಿಸುತ್ತೆ. ಗೆಂಡೆಗೆ ಹೊಟ್ಟೆಯೇ ಇಲ್ಲ, ತಿಂದದ್ದು ನೇರ ಕರುಳಿಗೆ. ಪುಡಿಯಾಗಿ ಹಾಕಿದ ಬಿಡಿ ಅಮೈನೋ ಆಮ್ಲ ಬೇಗ ರಕ್ತಕ್ಕೆ ಸೇರಿಬಿಡುತ್ತೆ, ಹಿಂಡಿಯ ಪ್ರೋಟೀನ್ ಜೀರ್ಣವಾಗಿ ಬರೋ ಹೊತ್ತಿಗೆ ಇದು ಖರ್ಚಾಗಿರುತ್ತೆ. ಅದಕ್ಕೇ ದಿನಕ್ಕೆ ಎರಡು ಸಲ ಸುರಿಯೋ ಬದಲು ಆರೇಳು ಸಲ ಚೂರು ಚೂರು ಹಾಕಿ.

ಇನ್ನೊಂದು, ಪುಡಿ ನೀರಲ್ಲಿ ಕರಗಿ ಹೋಗೋದು. ಮೊದಲ ಸಲ ನಾನೂ ಒಣ ಮೇವಿನ ಮೇಲೆ ಉದುರಿಸಿ ಹಾಕಿದ್ದೆ. ಮರಿ ಇದ್ದ ಹಾಗೇ ಇದ್ದವು, ನೀರು ಮಾತ್ರ ಹಸಿರಾಯ್ತು! ಈಗ ಗೆಣಸಿನ ಹಿಟ್ಟೋ ಮೈದಾನೋ ಗಂಜಿ ಕಾಯಿಸಿ, ಕೈ ಇಡುವಷ್ಟು ಆರಿದ ಮೇಲೆ ಲೈಸಿನ್ ಅದರಲ್ಲಿ ಕದಡ್ತೀನಿ. ಬಿಸಿಯಲ್ಲಿ ಹಾಕಬೇಡಿ, ಲೈಸಿನ್ ಸಕ್ಕರೆ ಅಂಶದ ಜೊತೆ ಕೂಡಿಕೊಂಡು ಮೀನಿಗೆ ದಕ್ಕದ ಹಾಗಾಗುತ್ತೆ. ಮೆಥಿಯೋನಿನ್ ಹಾಕೋದಾದ್ರೆ ಅದು ನೀರಲ್ಲಿ ಸುಲಭಕ್ಕೆ ಕರಗಲ್ಲ, ಒಣ ಹಿಟ್ಟಲ್ಲೇ ಬೆರೆಸಿ. ಕೊಳೆತ ಕೋಸಿನ ವಾಸನೆ ಬಂದ್ರೆ ಕೆಟ್ಟಿದೆ ಅಂದ್ಕೋಬೇಡಿ, ಅದರಲ್ಲಿ ಗಂಧಕ ಇದೆ. ಎಲ್ಲ ನಾದಿ, ಒತ್ತಿ, ನೆರಳಲ್ಲಿ ಒಣಗಿಸಿ, ಮರಿಯ ಬಾಯಿಗೆ ಹಿಡಿಸೋ ಅಳತೆಗೆ ಪುಡಿಮಾಡಿ. ಒಂದು ಚಿಟಿಕೆ ಗಾಜಿನ ಲೋಟದ ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ಕಾಳು ಕಾಳಾಗೇ ನಿಂತಿದ್ರೆ ಸರಿ, ನೀರು ಕಲಗಚ್ಚಿನ ಹಾಗಾದ್ರೆ ಗಂಜಿ ಸಾಲದು.

ಎಲ್ಲ ತೊಟ್ಟಿಗೂ ಒಟ್ಟಿಗೆ ಶುರುಮಾಡಬೇಡಿ. ಒಂದಕ್ಕೆ ಹಾಕಿ, ಇನ್ನೊಂದನ್ನ ಹಳೇ ಮೇವಲ್ಲೇ ಬಿಡಿ, ಮೂರು ವಾರಕ್ಕೆ ಎರಡರಲ್ಲೂ ಇಪ್ಪತ್ತು ಮರಿ ತೂಗಿ. ಒಂದು ತೊಟ್ಟಿಗೆ ಎಷ್ಟು ಮರಿ ಬಿಟ್ಟಿದ್ದೀರಿ ಅಂತ ಬರೆದಿಲ್ಲ, ಅದನ್ನೂ ತಿಳಿಸಿ. ಇಕ್ಕಟ್ಟಾಗಿದ್ರೆ ಲೈಸಿನ್ ಏನೂ ಮಾಡಲ್ಲ.