ತಮ್ಮನಿಗಾಗಿ ಮಾಡಿದ ಪ್ರಾರ್ಥನೆ

"ದಿನಾ ಪ್ರಾರ್ಥನೆ ಮಾಡ್ತೀನಿ ಮೇಡಂ, ಆದ್ರೂ ಮನಸ್ಸಿಗೆ ನೆಮ್ಮದಿ ಇಲ್ಲ. ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇರಬೇಕು." ಆಪ್ತಸಲಹೆಗೆ ಬರುವ ಕ್ರೈಸ್ತ ವಿಶ್ವಾಸಿಗಳ ಬಾಯಲ್ಲಿ ಈ ಮಾತನ್ನು ಮತ್ತೆ ಮತ್ತೆ ಕೇಳಿದ್ದೇನೆ. ಒಬ್ಬೊಬ್ಬರ ಕಷ್ಟ ಒಂದೊಂದು ಬಗೆ. ತಪ್ಪನ್ನು ಮಾತ್ರ ಎಲ್ಲರೂ ತಮ್ಮ ತಲೆಗೇ ಕಟ್ಟಿಕೊಂಡು ಬರುತ್ತಾರೆ. ಅಂಥದ್ದೊಂದು ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಐವತ್ತರ ಆಸುಪಾಸಿನ ಅವರು ತಮ್ಮ ಚರ್ಚ್ ಸಭೆಯ ಹಿರಿಯರಲ್ಲೊಬ್ಬರು. ತಂದೆ ಕಟ್ಟಿದ ವ್ಯಾಪಾರವನ್ನು ತಮ್ಮನ ಜೊತೆ ನಡೆಸುತ್ತಿದ್ದರು. ಅಣ್ಣ ನಂಬಿ ಹಾಕಿಕೊಟ್ಟ ಸಹಿಗಳನ್ನು ಬಳಸಿಕೊಂಡು ಆ ತಮ್ಮ ಎಲ್ಲವನ್ನೂ ತನ್ನ ಹೆಸರಿಗೆ ಮಾಡಿಕೊಂಡ. ಇಬ್ಬರೂ ಈಗಲೂ ಅದೇ ಸಭೆಗೆ ಹೋಗುತ್ತಾರೆ, ಒಂದೇ ಸಾಲಿನಲ್ಲಿ ನಿಂತು ಕರ್ತನ ಭೋಜನ (ಯೇಸುವಿನ ನೆನಪಿಗಾಗಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುತ್ತಾರೆ. ಅಣ್ಣನಿಗೆ ರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಎಲ್ಲರ ಮೇಲೂ ಸಿಡುಕು, ರಕ್ತದೊತ್ತಡ ಬೇರೆ. "ತಮ್ಮನನ್ನ ಕ್ಷಮಿಸಿಬಿಟ್ಟಿದ್ದೀನಿ" ಎಂದು ಮೊದಲ ಭೇಟಿಯಲ್ಲೇ ಹೇಳಿದರು, ಹಲ್ಲು ಕಚ್ಚಿಕೊಂಡು.

ಮೊದಲು ವೈದ್ಯರ ಹತ್ತಿರ ಕಳಿಸಿದೆ. ಪ್ರಾರ್ಥಿಸುವವನಿಗೆ ಮಾತ್ರೆ ಯಾಕೆ ಎಂದು ಅವರು ಹಿಂಜರಿದರು. ಬೈಬಲ್ಲಿನ 1 ಅರಸುಗಳು ಗ್ರಂಥದ 19ನೇ ಅಧ್ಯಾಯ ನೆನಪಿಸಿದೆ. ಸಾಕಾಗಿಹೋಯಿತು, ನನ್ನ ಪ್ರಾಣ ತೆಗೆದುಕೋ ಎಂದು ಪ್ರವಾದಿ ಎಲೀಯ ಬೇಡಿಕೊಂಡಾಗ ಬಂದ ದೇವದೂತ ಉಪದೇಶ ಮಾಡಲಿಲ್ಲ. ಮಲಗಿದ್ದವನನ್ನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಆತ ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ. ಪ್ರಾರ್ಥನೆಗೆ ಉತ್ತರ ನಿದ್ದೆ, ಆಹಾರದ ರೂಪದಲ್ಲೂ ಬರುತ್ತದೆ, ಔಷಧದ ರೂಪದಲ್ಲೂ ಬರುತ್ತದೆ ಎಂದು ನಾನು ನಂಬಿದ್ದೇನೆ. ಮಾತ್ರೆ ಬಿಟ್ಟು ಉಪವಾಸ ಕೂರುವವರಿಗೂ ಇದನ್ನೇ ಹೇಳುತ್ತೇನೆ.

ಮುಂದೆ ಒಂದು ಭೇಟಿಯಲ್ಲಿ, ಮನೆಯಲ್ಲಿ ಮಾಡುವ ಹಾಗೇ ಇಲ್ಲಿ ಒಮ್ಮೆ ಪ್ರಾರ್ಥಿಸಲು ಆಗುತ್ತದೆಯೇ ಎಂದು ಕೇಳಿದೆ. ಕಣ್ಣು ಮುಚ್ಚಿ ಶುರುಮಾಡಿದರು. ಎಲ್ಲೂ ತಡವರಿಕೆ ಇಲ್ಲ. ಸ್ತೋತ್ರ, ರೋಗಿಗಳು, ದೇವಸೇವಕರು, ಅಧಿಕಾರದಲ್ಲಿರುವವರು, ಎಲ್ಲ ಕ್ರಮವಾಗಿ ಬಂತು. ಕೊನೆಗೆ "ನನ್ನ ತಮ್ಮನನ್ನೂ ಆಶೀರ್ವದಿಸು ತಂದೆಯೇ" ಎಂಬ ಸಾಲು. ಅದನ್ನು ಹೇಳುವಾಗ ಮಾತಿಗೆ ಎಲ್ಲಿಲ್ಲದ ಅವಸರ. ಬಲಗೈ ಹೆಬ್ಬೆರಳು ಎಡ ಅಂಗೈಯನ್ನು ಒತ್ತುತ್ತಿತ್ತು. ಆಮೆನ್ ಹೇಳಿ ಕೈ ಬಿಡಿಸಿದಾಗ ಉಗುರಿನ ಗುರುತು ಕೆಂಪಗೆ ಕಾಣುತ್ತಿತ್ತು.

"ಅಂಗೈ ನೋಡ್ಕೊಳ್ಳಿ" ಎಂದೆ. ನೋಡಿಕೊಂಡರು.

"ತಮ್ಮನ ಮೇಲಿರೋ ಸಿಟ್ಟನ್ನ ಯಾವತ್ತಾದ್ರೂ ದೇವರಿಗೆ ಹೇಳಿದ್ದೀರಾ?"

"ಅದು ಪಾಪ ಅಲ್ವಾ ಮೇಡಂ? ವೈರಿಗಳನ್ನ ಪ್ರೀತಿಸಿ ಅಂತ ಯೇಸುಸ್ವಾಮಿ ಹೇಳಿದ್ದಾರೆ. ದೇವರ ಮುಂದೆ ಹಾಗೆಲ್ಲ ಮಾತಾಡೋಕಾಗುತ್ತಾ?"

ಅವರ ಬೈಬಲ್ ಅವರ ಕೈಯಲ್ಲೇ ಇತ್ತು. ಕೀರ್ತನೆ 55 ತೆಗೆದು ಗಟ್ಟಿಯಾಗಿ ಓದಲು ಹೇಳಿದೆ. 12ನೇ ವಚನಕ್ಕೆ ಬರುವವರೆಗೆ ಸಭೆಯಲ್ಲಿ ಓದುವ ದನಿಯಲ್ಲೇ ಓದಿದರು. ದೂಷಿಸಿದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ನೀನು ನನ್ನ ಸಂಗಡಿಗ, ನಾವಿಬ್ಬರೂ ಒಟ್ಟಿಗೆ ದೇವರ ಆಲಯಕ್ಕೆ ಹೋಗುತ್ತಿದ್ದೆವಲ್ಲ ಎಂದು ಕೀರ್ತನೆಗಾರ ಅಳಲುವ ಜಾಗ ಅದು. ಅಲ್ಲಿ ಅವರ ದನಿ ಕಟ್ಟಿತು. 15ನೇ ವಚನದಲ್ಲಿ ಅಂಥವರಿಗೆ ಮರಣ ಬರಲಿ ಎಂಬ ಶಾಪವೇ ಇದೆ. ಅದನ್ನು ಮೌನವಾಗಿ ಓದಿಕೊಂಡು ಪುಸ್ತಕ ಮುಚ್ಚಿದರು.

"ಇದನ್ನ ಎಷ್ಟು ಸಲ ಓದಿದ್ದೀನಿ. ನನ್ನ ಮಾತು ಅಂತ ಅನ್ನಿಸಿರಲೇ ಇಲ್ಲ."

ಸ್ವಲ್ಪ ಹೊತ್ತಾದ ಮೇಲೆ, ನಾನು ಹೇಳದೆಯೇ, ಕಣ್ಣು ತೆರೆದುಕೊಂಡೇ ಮಾತಾಡಿದರು: "ಕರ್ತನೇ, ಅವನು ನನಗೆ ಮೋಸ ಮಾಡಿದ. ಅವನ ಮುಖ ನೋಡೋಕಾಗಲ್ಲ. ಭಾನುವಾರ ಅವನು ಹಾಡೋದು ಕೇಳಿದ್ರೆ ಎದ್ದು ಹೋಗೋಣ ಅನ್ಸುತ್ತೆ. ನೀನ್ಯಾಕೆ ಸುಮ್ನಿದ್ದೀಯ?" ಆಮೆನ್ ಹೇಳಲಿಲ್ಲ. ಅತ್ತರು.

ಆ ದಿನ ನಾನು ಕೊಟ್ಟ ಸಲಹೆ ಹೀಗಿತ್ತು: ಮಲಗುವ ಮುನ್ನ 13, 55, 88 ಈ ಕೀರ್ತನೆಗಳಲ್ಲಿ ಒಂದನ್ನು ಓದಿ, ಆಮೇಲೆ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ದೇವರಿಗೆ ಹೇಳಿ. ತಮ್ಮನನ್ನು ಆಶೀರ್ವದಿಸು ಎಂಬ ಸಾಲನ್ನು ಸದ್ಯಕ್ಕೆ ಬಿಡಿ.

ಆಕ್ಷೇಪ ಬಂದದ್ದು ಈ ಕೊನೆಯ ಮಾತಿಗೆ. ವಿಶ್ವಾಸಿಗೆ ದೇವರ ಮೇಲೆ ಗೊಣಗುವುದನ್ನು ಕಲಿಸುತ್ತಿದ್ದೀರಿ ಎಂದು ಅವರ ಆಪ್ತರೊಬ್ಬರು ನನಗೇ ಹೇಳಿದರು. ನಾನು ಆ ಸಲಹೆಯಿಂದ ಹಿಂದೆ ಸರಿಯುವುದಿಲ್ಲ. ವೈರಿಗಾಗಿ ಪ್ರಾರ್ಥಿಸಿ ಎಂಬ ಮತ್ತಾಯ 5:44ರ ಆಜ್ಞೆಯನ್ನು ನಾನು ತಳ್ಳಿಹಾಕುತ್ತಿಲ್ಲ, ಅದನ್ನು ನಿಜವಾಗಿ ಪಾಲಿಸುವ ದಾರಿ ಹುಡುಕುತ್ತಿದ್ದೇನೆ. ಬೈಬಲ್ಲಿನ ಯೋಬನ ಗ್ರಂಥದಲ್ಲಿ ಬರುವ, ಎಲ್ಲವನ್ನೂ ಕಳೆದುಕೊಂಡ ಯೋಬನನ್ನೇ ನೋಡಿ. ತನ್ನನ್ನು ನೋಯಿಸಿದ ಸ್ನೇಹಿತರಿಗಾಗಿ ಅವನು ಪ್ರಾರ್ಥಿಸಿದ, ಆಗಲೇ ಅವನ ದುರವಸ್ಥೆ ತಿರುಗಿತು. ಆದರೆ ಅದು ನಡೆಯುವುದು 42ನೇ ಅಧ್ಯಾಯದಲ್ಲಿ, ಗ್ರಂಥದ ಕೊನೆಯಲ್ಲಿ. ಹುಟ್ಟಿದ ದಿನವನ್ನೇ ಶಪಿಸುವ 3ನೇ ಅಧ್ಯಾಯದಿಂದ ಹಿಡಿದು ಅಷ್ಟುದ್ದಕ್ಕೂ ಅವನು ದೇವರೊಂದಿಗೆ ವಾದಿಸಿದ್ದಾನೆ, ದೂರಿದ್ದಾನೆ. ದೇವರು ಗದರಿದ್ದೂ ಉಂಟು. ಆದರೂ ಕೊನೆಗೆ, ನನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬನೇ ಎಂದದ್ದು ಆ ದೇವರೇ. ಭಕ್ತಿಯ ಮಾತಾಡಿದ ಸ್ನೇಹಿತರಿಗೆ ಆ ಮೆಚ್ಚುಗೆ ಸಿಗಲಿಲ್ಲ. ನನ್ನ ಬಳಿ ಬಂದ ಅಣ್ಣ 42ನೇ ಅಧ್ಯಾಯದ ಪ್ರಾರ್ಥನೆಯನ್ನು ಮೊದಲ ದಿನವೇ ಮಾಡಲು ಹೊರಟಿದ್ದರು. ಬಾಯಿಗೆ ಅದು ಬರುತ್ತಿತ್ತು, ಅಂಗೈ ಒಪ್ಪುತ್ತಿರಲಿಲ್ಲ.

ನೋವನ್ನು ಮಾತಿಗೆ ಇಳಿಸಿದರೆ ಹಗುರವಾಗುತ್ತದೆ ಎಂಬುದು ಮನಶ್ಶಾಸ್ತ್ರಕ್ಕೂ ಹೊಸದಲ್ಲ. ಮನಸ್ಸನ್ನು ಕಲಕಿದ ಘಟನೆಗಳ ಬಗ್ಗೆ ಬರೆಯುವುದರಿಂದ ಆರೋಗ್ಯದ ಮೇಲಾಗುವ ಪರಿಣಾಮವನ್ನು ಜೇಮ್ಸ್ ಪೆನ್ನಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲೇ ಪ್ರಕಟಿಸಿದ್ದಾರೆ. ಆದರೆ ವಿಶ್ವಾಸಿ ಮಾತಾಡುವುದು ಖಾಲಿ ಕಾಗದದ ಜೊತೆಯಲ್ಲ, ಕೇಳಿಸಿಕೊಳ್ಳುವ ಒಬ್ಬನ ಜೊತೆ. ಪ್ರಾರ್ಥನೆಯ ಬಲ ಇರುವುದು ಅಲ್ಲೇ ಎಂದು ನನ್ನ ನಂಬಿಕೆ. ಅವನ ಮುಂದೆ ಒಳ್ಳೆಯವರಂತೆ ನಟಿಸುತ್ತಾ ಕೂತರೆ ಬದಲಾಗಬೇಕಾದ ಮನುಷ್ಯ ಪ್ರಾರ್ಥನೆಯ ಕೋಣೆಗೆ ಬಂದೇ ಇರುವುದಿಲ್ಲ.

ಕೆಲವು ವಾರಗಳ ನಂತರ ಅವರು ಬಂದಾಗ, ತಮ್ಮನ ಮೇಲೆ ದೂರುತ್ತಾ ಕೂತಿದ್ದ ಒಂದು ರಾತ್ರಿ ತಮ್ಮನ ಮಗಳ ಆಪರೇಷನ್ ನೆನಪಾಗಿ ಅವಳಿಗಾಗಿ ಬೇಡಿಕೊಂಡೆ ಎಂದರು. ಯಾರೂ ಹೇಳಿಕೊಟ್ಟದ್ದಲ್ಲ. ನಿದ್ದೆ ಸುಧಾರಿಸಿತ್ತು, ಅದರಲ್ಲಿ ವೈದ್ಯರ ಪಾಲೂ ಇದೆ. ಆಮೇಲೆ ಮತ್ತಾಯ 18:15ರಿಂದ ಮುಂದಕ್ಕೆ ಓದಿದೆವು. ತಪ್ಪು ಮಾಡಿದ ಸಹೋದರನ ಬಳಿ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂಬ ಕ್ರಮ ಅಲ್ಲಿದೆ. ಕ್ಷಮಿಸುವುದೆಂದರೆ ನಡೆದದ್ದು ಮೋಸವೇ ಅಲ್ಲ ಎನ್ನುವುದಲ್ಲ, ನ್ಯಾಯವಾದ ಪಾಲನ್ನು ಕೇಳದೆ ಬಿಡಲೇಬೇಕು ಎಂದೂ ಅಲ್ಲ. ಒಂದು ಎಚ್ಚರಿಕೆ: ಹೊಡೆತ, ಬೆದರಿಕೆ ಇರುವ ಕಡೆ ಒಬ್ಬರೇ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ.

ಅವರು ಒಬ್ಬರೇ ಹೋದರು. "ನೀನು ಮಾಡಿದ್ದು ಮೋಸ. ನನ್ನ ಪಾಲು ನನಗೆ ಬೇಕು" ಎಂದು ದನಿ ಏರಿಸದೆ ಹೇಳಿದರಂತೆ. ತಮ್ಮ ಎದ್ದು ಹೋದ. ಎರಡನೇ ಸಲ ಸಭೆಯ ಇಬ್ಬರು ಹಿರಿಯರ ಜೊತೆ ಹೋದಾಗ ಲೆಕ್ಕಪತ್ರ ತೋರಿಸಲು ಒಪ್ಪಿದ. ವಿಷಯ ಇನ್ನೂ ಬಗೆಹರಿದಿಲ್ಲ. ಅಣ್ಣ ಈಗ ತಮ್ಮನ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಕೆಲವು ದಿನ ಆಗುವುದಿಲ್ಲ. ಆಗದ ದಿನ, ಇವತ್ತು ಆಗುತ್ತಿಲ್ಲ ಕರ್ತನೇ ಎಂದು ಅದನ್ನೇ ಹೇಳಿ ಮಲಗುತ್ತಾರೆ.