ಮನೆಯಲ್ಲೇ ಮರದ ಡೋವೆಲ್ ಕಡ್ಡಿ ಮಾಡಲು ಜಿಗ್ ಹೇಗೆ ತಯಾರಿಸುವುದು?

ಡೋವೆಲ್ ಅಂದರೆ ಮರದ ತುಂಡುಗಳನ್ನು ಜೋಡಿಸಲು ಬಳಸುವ ದುಂಡು ಕಡ್ಡಿ. ಜಿಗ್ ಅಂದರೆ ಅದನ್ನು ಸರಿಯಾದ ಅಳತೆಗೆ ಕೆತ್ತಲು ನೆರವಾಗುವ ಸಾಧನ. ಇದಕ್ಕೆ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಬೇಕಿಲ್ಲ. ಗಟ್ಟಿ ಮರದ ತುಂಡು, ಹರಿತವಾದ ಉಳಿ, ಡ್ರಿಲ್ ಇದ್ದರೆ ಸಾಕು. ಮೈಸೂರು, ಮಂಡ್ಯದ ಸಾಮಿಲ್‌ಗಳಲ್ಲಿ ತೇಗ, ಹೊನ್ನೆಯ ಚೂರುಪಾರು ಸಿಗುತ್ತವೆ.

10 ಮಿ.ಮೀ. ಕಡ್ಡಿ ಬೇಕು ಅಂದುಕೊಳ್ಳಿ. ಮರದ ತುಂಡಿನಲ್ಲಿ ಮೊದಲು 16 ಮಿ.ಮೀ. ತೂತನ್ನು ಅರ್ಧ ದಪ್ಪದವರೆಗೆ ಕೊರೆಯಿರಿ. ಅದೇ ನಡುವಿನಿಂದ 10 ಮಿ.ಮೀ. ತೂತನ್ನು ಆಚೆ ಬದಿಯವರೆಗೂ ಕೊರೆಯಿರಿ. ಸಣ್ಣದನ್ನು ಮೊದಲು ಕೊರೆದರೆ ದೊಡ್ಡ ಬಿಟ್‌ಗೆ ನಡು ಸಿಗುವುದಿಲ್ಲ. ಮೇಲಿನಿಂದ ದೊಡ್ಡ ತೂತಿನವರೆಗೆ ಒಂದು ಕಿಂಡಿ ಕೊಯ್ದು, ಅಲ್ಲಿ ಉಳಿಯನ್ನು ಕ್ಲ್ಯಾಂಪ್ ಮಾಡಿ. ಎಲ್ಲಾ ಕೆಲಸ ನಿಂತಿರುವುದು ಇಲ್ಲೇ. ಉಳಿಯ ಬಾಯಿ ಸಣ್ಣ ತೂತಿನ ಅಂಚಿಗೆ ಸರಿಯಾಗಿ ತಾಗುವಂತಿರಬೇಕು, ಕಡ್ಡಿಯಾಗಬೇಕಾದ ಕೋಲು ತಿರುಗುವಾಗ ಆ ಬಾಯಿಗೆ ಎದುರಾಗಿ ಬರಬೇಕು. ಕೂದಲೆಳೆ ಒಳಗೆ ಹೋದರೂ ಕಡ್ಡಿ ಸಣ್ಣದಾಗುತ್ತದೆ. ಹೊರಗಿದ್ದರೆ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಕೋಲು 11 ಮಿ.ಮೀ. ಚೌಕ ಇರಲಿ. ಅದರ ಮೂಲೆಯಿಂದ ಮೂಲೆಗೆ ಸುಮಾರು 15.5 ಮಿ.ಮೀ., ಅದಕ್ಕೇ 16ರ ತೂತು. ಡ್ರಿಲ್‌ನ ಚಕ್‌ಗೆ (ಬಿಟ್ ಹಿಡಿಯುವ ಬಾಯಿಗೆ) ಹಿಡಿಯುವಂತೆ ಒಂದು ತುದಿಯನ್ನು ದುಂಡಗೆ ಕೆತ್ತಿ. ಆಮೇಲೆ ಇನ್ನೊಂದು ತುದಿಯನ್ನು ದೊಡ್ಡ ತೂತಿನೊಳಗೆ ಇಟ್ಟು, ತಿರುಗಿಸುತ್ತಾ ನಿಧಾನವಾಗಿ ತಳ್ಳಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಎಳೆ ನೇರವಾಗಿರುವ, ಚೆನ್ನಾಗಿ ಒಣಗಿದ ಮರವನ್ನೇ ಆರಿಸಿ. ಓರೆ ಎಳೆಯ ಕೋಲು ಸುಮ್ನೆ ತುಂಡಾಗುತ್ತದೆ. ಹಸಿ ಮರದ ಕಡ್ಡಿ ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬರೀ ಗಿಡ್ಡ ಕಡ್ಡಿ ಸಾಕಾದರೆ ಇಷ್ಟೆಲ್ಲಾ ಯಾಕೆ, ಅಲ್ವಾ? ದಪ್ಪ ಕಬ್ಬಿಣದ ಪಟ್ಟಿಗೆ ತೂತು ಕೊರೆದು, ಕೋಲನ್ನು ಸುತ್ತಿಗೆಯಿಂದ ಹೊಡೆದು ತೂರಿಸಿದರೂ ಆಗುತ್ತದೆ.