ಮಾವನ ಒಂದು ಮಾತು, ಮೊದಲ ಸಂದರ್ಶನ

ಅಕ್ಕಾ, ನಾನು ಶಿರಸಿ ಹತ್ತಿರದ ಹಳ್ಳಿಯವಳು. ಕಳೆದ ವರ್ಷ ಬಿಕಾಂ ಮುಗಿಯಿತು. ಅಷ್ಟರಲ್ಲಿ ಆಯಿಗೆ ಆಪರೇಷನ್ ಆಗಿ, ವರ್ಷವಿಡೀ ಮನೆಯಲ್ಲೇ ಉಳಿದೆ. ಈಗ ಶಿರಸಿಯ ಒಂದು ಪತ್ತಿನ ಸಹಕಾರಿ ಸಂಘದಿಂದ ಕ್ಲರ್ಕ್ ಕೆಲಸಕ್ಕೆ ಸಂದರ್ಶನದ ಪತ್ರ ಬಂದಿದೆ. ಹತ್ತೇ ದಿನ ಉಳಿದಿದೆ. ಪೇಟೆಯಲ್ಲಿರುವ ಮಾವ ಅಲ್ಲಿಯ ನಿರ್ದೇಶಕರೊಬ್ಬರಿಗೆ ಬಹಳ ಬೇಕಾದವರು. "ನಾನು ಒಂದು ಮಾತು ಹೇಳಿಡ್ತೇನೆ, ನೀನು ಸುಮ್ಮನೆ ಹೋಗಿ ಕೂತು ಬಾ" ಅಂತಾರೆ. ಆಯಿಯ ಆಪರೇಷನ್ನಿಗೆ ದುಡ್ಡು ಕೊಟ್ಟವರೂ ಅವರೇ, ಬೇಡ ಅನ್ನಲು ಬಾಯಿ ಬರುವುದಿಲ್ಲ. ಹೂಂ ಅಂದರೆ ನನಗೆ ಸಮಾಧಾನವಿಲ್ಲ. ಒಂದು ವರ್ಷ ಏನು ಮಾಡಿದೆ ಅಂತ ಕೇಳಿದರೆ ಏನು ಹೇಳಲಿ? ಇಂಗ್ಲಿಷ್ ಅಂದರೆ ಗಂಟಲು ಒಣಗುತ್ತದೆ. ಮದುವೆ ವಿಚಾರವನ್ನೂ ಕೇಳ್ತಾರಂತೆ, ಹೌದಾ? ಮನೆಯಲ್ಲಿ ತೋಟದ ಲೆಕ್ಕ ಬರೆಯುವುದು ನಾನೇ. ಹೋದ ಸಲ ಅಡಿಕೆ ಮಾರಿದ ಪಟ್ಟಿಗೂ ಪಾಸ್‌ಬುಕ್ಕಿಗೂ ತಾಳೆಯಾಗದೆ ಎರಡು ದಿನ ಕೂತು ಹುಡುಕಿದ್ದೆ. ಆದರೆ ಅದೆಲ್ಲ ಹೇಳಿಕೊಳ್ಳುವಂಥ ಕೆಲಸವಲ್ಲ.

— ಒಬ್ಬ ಓದುಗಳು

ತಂಗೀ,

ನಿನ್ನ ಕೊನೆಯ ಎರಡು ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ಮಾವ.

ಶಿರಸಿಯಲ್ಲಿ ತೋಟಗಾರರು ಸೇರಿ ಸೇಲ್ ಸೊಸೈಟಿ ಕಟ್ಟಿದ್ದು 1923ರಲ್ಲಿ. ನೂರು ವರ್ಷ ದಾಟಿದ ಈ ಸಹಕಾರದ ಊರಿನಲ್ಲಿ ತೋಟವಿದ್ದ ಮನೆಗೆ ಒಂದಲ್ಲ ಒಂದು ಸಂಘದ ಷೇರು ಇಲ್ಲದಿರುವುದೇ ಅಪರೂಪ. ಹಾಗಾಗಿ ಮಾವ ಬಾಯಿ ಬಿಡದಿದ್ದರೂ ಮೇಜಿನ ಆಚೆ ಕೂತವರಲ್ಲಿ ಒಬ್ಬರಾದರೂ "ನೀನು ಯಾರ ಮಗಳು, ಮಾರಾಯ್ತಿ?" ಅಂತ ಕೇಳಿಯೇ ಕೇಳುತ್ತಾರೆ. ಪರಿಚಯವನ್ನು ನೀನು ತಪ್ಪಿಸಲಾರೆ, ತಪ್ಪಿಸಬೇಕಾಗಿಯೂ ಇಲ್ಲ. ಆದರೆ ಹೇಳಿಸಿಕೊಂಡು ಒಳಗೆ ಹೋಗುವುದು ಬೇರೆ ವಿಷಯ. ಸಂಘದ ಆಡಳಿತ ಮಂಡಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ. ಇವತ್ತಿನ ನಿರ್ದೇಶಕರು ನಾಳೆ ಸೋಲಬಹುದು. ನೀನು ಮಾತ್ರ ಅದೇ ಕೌಂಟರಿನಲ್ಲಿ ಕೂತಿರುತ್ತೀಯ, "ಇವಳು ಅವರ ಕಡೆಯವಳು" ಎಂಬ ಚೀಟಿ ಅಂಟಿಸಿಕೊಂಡು. ಹೊಸ ಮಂಡಳಿ ಬಂದಾಗ ಬಡ್ತಿ, ಶಾಖೆ ಬದಲಾವಣೆ ಎಲ್ಲದರಲ್ಲೂ ಆ ಚೀಟಿ ಕಾಣುತ್ತದೆ. ಮಾವನಿಗೆ ಒಪ್ಪುವಂತೆ ಹೇಳಬೇಕಾದ ಕಾರಣವೂ ಇದೇ. ಆದರ್ಶದ ಮಾತಾಡಿದರೆ "ಓದಿದ್ದು ಹೆಚ್ಚಾಯ್ತು" ಅನ್ನಿಸಿಕೊಳ್ಳುತ್ತೀಯ. ಚುನಾವಣೆಯ ಲೆಕ್ಕ ಹೇಳು, ಪೇಟೆಯ ಮನುಷ್ಯ, ತಕ್ಷಣ ಅರ್ಥವಾಗುತ್ತದೆ.

ಅವರು ಕೊಡಲು ಬಂದದ್ದು ಪ್ರೀತಿಯಿಂದ. ಬರೀ ಬೇಡ ಅಂದು ನಿಲ್ಲಿಸಬೇಡ, ಅವರಿಂದ ಬೇರೆ ಏನನ್ನಾದರೂ ಕೇಳು. ಸಂದರ್ಶನದ ಹಿಂದಿನ ರಾತ್ರಿ ಅವರ ಮನೆಯಲ್ಲೇ ಉಳಿದುಕೋ. ಈ ಮಳೆಯಲ್ಲಿ ದಾರಿಗೆ ಮರ ಬಿದ್ದು ಬೆಳಗಿನ ಬಸ್ಸು ತಪ್ಪುವುದು ಹೊಸತಲ್ಲ. ಆ ಸಂಜೆ ಅವರನ್ನೇ ಕುರ್ಚಿಯಲ್ಲಿ ಕೂರಿಸಿ ನಿನಗೆ ಪ್ರಶ್ನೆ ಕೇಳಲು ಹೇಳು. ಬಿಗುಮಾನದ ಹಿರಿಯರೊಬ್ಬರ ಮುಂದೆ ಬಾಯಿಬಿಟ್ಟು ಉತ್ತರ ಹೇಳಿದ ಅಭ್ಯಾಸ ಕನ್ನಡಿಯ ಮುಂದೆ ಸಿಗುವುದಿಲ್ಲ. ಅಷ್ಟರಲ್ಲಿ ಅವರು ಮಾತು ಹೇಳಿಯೇ ಬಿಟ್ಟಿದ್ದರೆ? ನೀನೇನೂ ಕೆದಕಬೇಡ. "ಅವರ ಸೊಸೆಯಲ್ಲವಾ?" ಅಂದರೆ "ಹೌದು ಸರ್" ಅಂದು ಮುಂದಿನ ಪ್ರಶ್ನೆಗೆ ಕಾಯಿ.

ಇನ್ನು ಆ ಎರಡು ಸಾಲು. ಹೇಳಿಕೊಳ್ಳುವಂಥದ್ದಲ್ಲ ಅಂತ ಬರೆದಿದ್ದೀಯಲ್ಲ, ನಿನ್ನ ಇಡೀ ಪತ್ರದಲ್ಲಿ ಕೆಲಸ ಕೊಡುವವರು ಕಿವಿಗೊಡುವ ಮಾತು ಅದೊಂದೇ! ಪಟ್ಟಿಯ ಮೊತ್ತದಲ್ಲಿ ಏನೇನು ಕಳೆದಿದ್ದಾರೆ, ಹಮಾಲಿ ಎಷ್ಟು, ಸಾಲಕ್ಕೆ ಮುರಿದುಕೊಂಡದ್ದು ಎಷ್ಟು, ಖಾತೆಗೆ ಜಮಾ ಆದದ್ದು ಯಾವ ತಾರೀಕಿಗೆ ಎಂದು ಒಂದೊಂದೇ ಹುಡುಕುವುದನ್ನು ನೀನು ಕಾಲೇಜಿನಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್ ಎಂಬ ಹೆಸರಿನಲ್ಲಿ ಓದಿದ್ದೀಯ. ಪರೀಕ್ಷೆಯಲ್ಲಿ ಅಂಕಿ ಕೊಟ್ಟಿರುತ್ತಾರೆ. ನಿನಗೆ ಯಾರೂ ಕೊಟ್ಟಿರಲಿಲ್ಲ. ಆ ವ್ಯತ್ಯಾಸ ಎಷ್ಟಿತ್ತು, ಎಲ್ಲಿ ಸಿಕ್ಕಿತು, ಆಮೇಲೆ ಏನು ಮಾಡಿದೆ ಎಂದು ಇವತ್ತೇ ಒಂದು ಹಾಳೆಯಲ್ಲಿ ಬರೆ. ಅಡಿಕೆ ಕೊನೆಕೊಯ್ಲಿನ ಕೂಲಿ, ಸುಲಿದವರ ಲೆಕ್ಕ, ಗೊಬ್ಬರದ ಬಿಲ್ಲು, ಔಷಧಿಯಂಗಡಿಯ ಬಾಕಿ ಇವುಗಳಲ್ಲಿ ನೀನು ಬರೆದಿಟ್ಟದ್ದು ಯಾವುದು ಎಂಬುದನ್ನೂ ಬರೆ.

ಒಂದು ವರ್ಷ ಏನು ಮಾಡಿದೆ ಅಂದಾಗ ಹೇಳಬೇಕಾದದ್ದು ಇಷ್ಟು: "ಆಯಿಗೆ ಆಪರೇಷನ್ ಆಗಿತ್ತು ಸರ್, ಮನೆ ನೋಡಿಕೊಂಡೆ. ಈಗ ಹುಷಾರಾಗಿದ್ದಾರೆ. ಆ ವರ್ಷ ತೋಟದ ಲೆಕ್ಕ ಪೂರ್ತಿ ನಾನೇ ಬರೆದೆ." ಅಲ್ಲಿಗೆ ನಿಲ್ಲಿಸು. ಅವರು "ಹೌದಾ, ಹೇಗೆ ಬರೀತೀಯ?" ಅಂತ ಕೇಳಿದರೆ ಪಾಸ್‌ಬುಕ್ಕಿನ ಕತೆ ಹೇಳು. ಆಯಿಯ ಕಾಯಿಲೆಯನ್ನು ವಿವರಿಸುತ್ತ ಕೂರಬೇಡ. ಅನುಕಂಪ ಹುಟ್ಟಿದ ಕಡೆ ಲೆಕ್ಕದ ಪ್ರಶ್ನೆ ಕೇಳುವುದನ್ನು ಬಿಟ್ಟುಬಿಡುತ್ತಾರೆ, ಅದು ನಿನಗೇ ನಷ್ಟ.

ಓದುವುದಕ್ಕೆ ಬಿಕಾಂ ಪುಸ್ತಕದ ರಾಶಿ ತೆಗೆಯಬೇಡ. ಅಪ್ಪಯ್ಯ ಸದಸ್ಯರಾಗಿರುವ ಸಂಘ ಸರ್ವಸಾಧಾರಣ ಸಭೆಗೆ ಮೊದಲು ವಾರ್ಷಿಕ ವರದಿ ಕಳಿಸಿರುತ್ತದೆ, ಹಳೆ ಪೇಪರಿನ ಅಡಿಯಲ್ಲೆಲ್ಲೋ ಇರುತ್ತದೆ, ಹುಡುಕು. ನೀನು ಹೋಗುವ ಸಂಘದ್ದೇ ಸಿಕ್ಕರೆ ಇನ್ನೂ ಒಳ್ಳೆಯದು. ಮಾವನಿಗೆ ಹೇಳಲು ಇದೊಂದು ಸರಿಯಾದ ಕೆಲಸ. ಷೇರು ಬಂಡವಾಳ, ಠೇವಣಿ, ಸಾಲ ಬಾಕಿ, ಸುಸ್ತಿ (ಗಡುವು ದಾಟಿದ ಸಾಲ), ನಿವ್ವಳ ಲಾಭ, ಲಾಭಾಂಶ, ಆಡಿಟ್ ವರ್ಗ ಎಲ್ಲ ಅದರಲ್ಲಿವೆ. ನೀನು ಟ್ರಯಲ್ ಬ್ಯಾಲೆನ್ಸ್ ಅಂತ ಓದಿದ್ದನ್ನು ಅಲ್ಲಿಯವರು ತಾಳೆಪಟ್ಟಿ ಅನ್ನಬಹುದು, ಬ್ಯಾಲೆನ್ಸ್ ಶೀಟನ್ನು ಅಢಾವೆ ಪತ್ರಿಕೆ ಅನ್ನಬಹುದು. ತಬ್ಬಿಬ್ಬಾಗಬೇಡ.

ಸಹಕಾರಿ ಬ್ಯಾಂಕಿಗೂ ಪತ್ತಿನ ಸಂಘಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆಗೆ ಖಂಡಿತ ತಯಾರಿರು. ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಬೇಕು, ಅಲ್ಲಿಯ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಉಂಟು. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಇದನ್ನು ತಿಳಿದ ಹುಡುಗಿ ಕೌಂಟರಿನಲ್ಲಿ ಹಿರಿಯರಿಗೆ ಸುಳ್ಳು ಭರವಸೆ ಕೊಡುವುದಿಲ್ಲ. ಇನ್ನೊಂದು, ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ತಾಳೆಪಟ್ಟಿ ತಾಳೆಯಾದರೆ ಲೆಕ್ಕ ಸರಿ ಅಂತ ಅರ್ಥವಾ ಎಂದೂ ಕೇಳಬಹುದು. ಅಲ್ಲ, ಒಂದು ವ್ಯವಹಾರ ಬರೆಯುವುದೇ ಬಿಟ್ಟುಹೋಗಿದ್ದರೂ ಅದು ತಾಳೆಯಾಗುತ್ತದೆ. ಬಾಯಿಲೆಕ್ಕ ರೂಢಿ ಮಾಡು: ಒಂದು ಲಕ್ಷಕ್ಕೆ ಶೇ. 9ರಂತೆ ಆರು ತಿಂಗಳ ಸರಳ ಬಡ್ಡಿ 4,500 ರೂಪಾಯಿ, ಇಂಥದ್ದು ಮೊಬೈಲ್ ಮುಟ್ಟದೆ ಬರಬೇಕು. ಬಾರದ್ದಕ್ಕೆ "ಗೊತ್ತಿಲ್ಲ ಸರ್" ಅಂದುಬಿಡು. ದುಡ್ಡಿನ ಕೆಲಸದಲ್ಲಿ ಊಹಿಸಿ ಹೇಳುವವರನ್ನು ಯಾರೂ ಇಟ್ಟುಕೊಳ್ಳಲು ಬಯಸುವುದಿಲ್ಲ.

ಇಂಗ್ಲಿಷಿನ ಭಯ ನೀನು ಅಂದುಕೊಂಡಷ್ಟು ದೊಡ್ಡದಲ್ಲ. ಹೆಸರು, ಓದು, ಊರು, ಈ ಕೆಲಸ ಯಾಕೆ ಬೇಕು ಎಂಬ ನಾಲ್ಕು ವಾಕ್ಯ ಜೋರಾಗಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳು, ಸಾಕು. ಆಮೇಲೆ "ಕನ್ನಡದಲ್ಲಿ ಹೇಳಬಹುದಾ ಸರ್?" ಅಂತ ಕೇಳಿದರೆ ತಪ್ಪಿಲ್ಲ. ಆ ಕೌಂಟರಿಗೆ ಬರುವವರು ಹವಿಗನ್ನಡ, ಕೊಂಕಣಿ, ಉರ್ದು ಆಡುವ ಜನ. ನಿನಗೆ ಇವುಗಳಲ್ಲಿ ಎರಡು ಬಂದರೂ ಅದನ್ನು ಬಾಯಿಬಿಟ್ಟು ಹೇಳು.

ಮದುವೆ ವಿಚಾರ ಕೇಳುತ್ತಾರೆ, ಹೌದು. ಹುಡುಗರಿಗೆ ಈ ಪ್ರಶ್ನೆ ಬೀಳುವುದಿಲ್ಲ ಎಂಬುದು ನನಗೆ ಇವತ್ತಿಗೂ ಸಿಟ್ಟು. ಅವರ ಅಳುಕು ಏನೆಂದರೆ, ಕಲಿಸಿದ ಮೇಲೆ ಬೆಂಗಳೂರಿಗೆ ಹೋಗಿಬಿಟ್ಟರೆ? ಆ ಅಳುಕಿಗಷ್ಟೇ ಉತ್ತರ ಕೊಡು: "ಸದ್ಯ ಆ ಯೋಚನೆ ಇಲ್ಲ ಸರ್. ಕೆಲಸ ಕಲಿತು ಇಲ್ಲೇ ಇರುವ ಮನಸ್ಸಿದೆ." ಅದು ನಿಜವಾಗಿದ್ದರೆ ಮಾತ್ರ ಹೇಳು. ಇಷ್ಟು ವರ್ಷ ಮದುವೆ ಆಗುವುದಿಲ್ಲ ಎಂದು ಬರೆದುಕೊಡು ಅಂದರೆ ಸಹಿ ಹಾಕಬೇಡ, "ಮನೆಯಲ್ಲಿ ಕೇಳಿ ಹೇಳ್ತೇನೆ" ಅಂದು ಎದ್ದು ಬಾ.

ನೀನೂ ಕೇಳಬೇಕಾದ್ದಿದೆ. ಪ್ರೊಬೇಷನ್ ಎಷ್ಟು ತಿಂಗಳು, ಆಗ ಸಂಬಳ ಎಷ್ಟು, ಪಿಎಫ್ ಇದೆಯಾ, ಠೇವಣಿ ತರಬೇಕೆಂಬ ಗುರಿ ಇದೆಯಾ? ಗುರಿ ಇದ್ದರೆ ನಿನ್ನ ನೆಂಟರ ಮನೆಗಳನ್ನೆಲ್ಲ ಸುತ್ತುವುದು ನಿನ್ನ ಪಾಲಿಗೆ ಬರುತ್ತದೆ, ಅದು ಮೊದಲೇ ಗೊತ್ತಿರಲಿ. ಭದ್ರತಾ ಠೇವಣಿ ಕೇಳಿದರೆ ರಸೀದಿ ಎಲ್ಲಿ, ವಾಪಸು ಯಾವಾಗ ಎಂದು ಕೇಳು. ಇದಕ್ಕೆ ಮಾತ್ರ ಮಾವನಿಂದ ಸಾಲ ಎತ್ತಬೇಡ.

ಅಂಕಪಟ್ಟಿ, ಆಧಾರ್ ಮೂಲಪ್ರತಿ, ಜೆರಾಕ್ಸ್ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿರಲಿ. ಹೊರಗೆ ಬಂದ ತಕ್ಷಣ, ಬಸ್ ಸ್ಟ್ಯಾಂಡಿನಲ್ಲೇ ಕೂತು, ಕೇಳಿದ ಪ್ರಶ್ನೆಗಳನ್ನು ಬರೆದುಕೋ. ಹುಬ್ಬಳ್ಳಿ, ಶಿರಸಿಯ ಆಡಿಟರ್ ಕಚೇರಿಗಳಿಗೂ ಈ ವಾರವೇ ಅರ್ಜಿ ಹಾಕಿರು. ಒಂದೇ ಕಡೆಯ ಉತ್ತರಕ್ಕೆ ಕಾಯುತ್ತ ಕೂತರೆ ಮಾವ ಮತ್ತೆ ಫೋನ್ ಎತ್ತುತ್ತಾರೆ.